ತಿರುಚಿದ ಹಾಪರ್ ಮತ್ತು ರುದ್ರಮ್ಮನ ದಾರ

ನ್ಯಾಮತಿಯ ಒಂದು ತಗಡಿನ ಅಂಗಡಿಯಲ್ಲಿ ಹನ್ನೊಂದು ವರ್ಷ ದುಡಿದ ಮೇಲೆ, 1979ರಲ್ಲಿ ನಾನು ಸ್ವಂತವಾಗಿ ಹಿಡಿದ ಮೊದಲ ಕೆಲಸ ಹೊನ್ನಾಳಿಯ ಅಕ್ಕಿ ಗಿರಣಿಯೊಂದರದು. ಓದಿದ್ದು ಮೂರನೇ ಕ್ಲಾಸು. ಟೇಪು ಹಿಡಿದು ಅಳೆಯಲು ಅಷ್ಟು ಸಾಕಿತ್ತು. ಮಾಡಬೇಕಾಗಿದ್ದು ಹಾಪರ್. ಅಂದರೆ ಮೇಲೆ ಅಗಲ, ಕೆಳಗೆ ಕಿರಿದಾದ, ನಾಲ್ಕು ಮಗ್ಗುಲಿನ ತಗಡಿನ ಆಲಿಕೆ. ಸುರಿದ ಭತ್ತ ಅದರೊಳಗಿಂದ ಯಂತ್ರಕ್ಕೆ ಇಳಿಯುತ್ತದೆ.

ಮೇಲಿನ ಬಾಯಿ ನಾಲ್ಕು ಅಡಿ ಚೌಕ, ಕೆಳಗಿನದು ಒಂದು ಅಡಿ ಚೌಕ. ಯಂತ್ರವನ್ನು ಓರೆಯಾಗಿ ಕೂರಿಸಿದ್ದರಿಂದ ಕೆಳಗಿನ ಚೌಕ ಸ್ವಲ್ಪ ತಿರುಗಿತ್ತು.

"ಸೋಮವಾರ ಗಿರಣಿ ಶುರು ಆಗ್ಬೇಕಪ್ಪಾ. ಆಗಲ್ಲ ಅಂದ್ರೆ ಈಗ್ಲೇ ಹೇಳು, ನಿಮ್ಮ ಹಳೇ ಅಂಗಡಿಯೋರನ್ನೇ ಕರೆಸ್ತೀನಿ" ಎಂದರು ಗಿರಣಿಯ ಸಾಹುಕಾರರು. ಹಾಗಾದರೆ ನಾನು ತಲೆ ತಗ್ಗಿಸಿ ಅದೇ ಅಂಗಡಿಗೆ ಕೂಲಿಗೆ ಮರಳಬೇಕಿತ್ತು.

ಎಂಟು ಮೂಲೆಗಳ ನಡುವಿನ ಹನ್ನೆರಡು ಅಂಚನ್ನೂ ಅಳೆದು ನಾಲ್ಕು ತಗಡು ಕತ್ತರಿಸಿದೆ. ನೆಲದ ಮೇಲೆ ಹಾಪರ್ ಅಚ್ಚುಕಟ್ಟಾಗಿ ಕೂಡಿತು. ಶನಿವಾರ ಮೇಲೇರಿಸಿದರೆ ಯಂತ್ರದ ಬಾಯಿಗೆ ಕೂರಲೇ ಇಲ್ಲ. ಇಬ್ಬರು ಹಮಾಲರು ಹಿಡಿದು ತಿರುಚಿದರು. ತಗಡು ಉಬ್ಬಿ ಮೂರು ರಿವೆಟ್ ಕಿತ್ತುಬಂದವು.

"ಮೇಸ್ತ್ರಿ, ಯಂತ್ರಾನೇ ತಿರುಗಿಸಿಬಿಡನಾ?" ಎಂದು ಒಬ್ಬ ನಕ್ಕ.

ಬುತ್ತಿ ತಂದಿದ್ದ ನನ್ನ ಹೆಂಡತಿ ರುದ್ರಮ್ಮ ಕೆಳಗೆ ನಿಂತು ನೋಡುತ್ತಿದ್ದಳು.

"ಏನ್ರೀ, ಮೂಲೆಯಿಂದ ಮೂಲೆಗೆ ಅಳದ್ರಾ?"

"ಎಲ್ಲಾ ಅಂಚೂ ಅಳತೆ ಮಾಡೇನಲ್ಲ!"

"ಅಂಚಲ್ರೀ, ಅಡ್ಡ. ಹೊರಸಿಗೆ ಹಗ್ಗ ಹೆಣೆಯಾಕೆ ಮುಂಚೆ ಅಡ್ಡ ದಾರ ಹಿಡಿಯಲ್ವಾ? ನಾಕು ಕಟ್ಟಿಗೆ ಸರಿ ಇದ್ರೂ ಹೊರಸು ಸೊಟ್ಟ ಆಗ್ತೈತೆ. ಮಂಚ ಮಾಡೋರ ಮಗಳಿಗೆ ಗೊತ್ತು, ತಗಡು ಮೇಸ್ತ್ರಿಗೆ ಗೊತ್ತಿಲ್ಲ!"

ಸಿಟ್ಟು ಬಂತು. ಆದರೂ ದಾರ ಹಿಡಿದೆ. ಮೇಲಿನ ಮೂಲೆಯಲ್ಲಿ ನಾನು, ಅದೇ ಮಗ್ಗುಲಿನ ಕೆಳಗೆ, ಯಂತ್ರದ ಬಾಯಿಯ ಎದುರು ಮೂಲೆಯಲ್ಲಿ ಅವಳು. ನನ್ನ ತಗಡಿನಲ್ಲಿ ಆ ಅಡ್ಡದಾರದ ಅಳತೆ ಬೇರೆಯೇ ಇತ್ತು. ಆಗ ತಿಳಿಯಿತು: ಒಂದೊಂದು ಮಗ್ಗುಲಿನ ನಾಲ್ಕು ಮೂಲೆಗಳೂ ಒಂದೇ ಸಮತಟ್ಟಿನಲ್ಲಿ ಇಲ್ಲ, ಒಂದು ಚಪ್ಪಟೆ ತಗಡು ಅವನ್ನೆಲ್ಲ ಮುಟ್ಟಲಾರದು. ಪ್ರತಿ ಮಗ್ಗುಲನ್ನೂ ಎರಡು ತ್ರಿಕೋನವಾಗಿ ಗೀಚಿ, ಅಡ್ಡಗೆರೆಯ ಮೇಲೆ ತಗಡು ಮಡಿಚಬೇಕು. ಭಾನುವಾರವಿಡೀ ಅದನ್ನೇ ಮಾಡಿದೆವು.

ದಾವಣಗೆರೆಯಲ್ಲಿ ಓದುವ ನನ್ನ ಮೊಮ್ಮಗಳು ಮೊನ್ನೆ ಲ್ಯಾಪ್‌ಟಾಪಿನಲ್ಲಿ ಅದೇ ಆಕಾರ ಬರೆದು ತೋರಿಸಿದಳು. ಒಂದೊಂದು ಮೂಲೆಗೂ ಉದ್ದ, ಅಗಲ, ಎತ್ತರ ಎಂದು ಮೂರು ಅಂಕಿ. ಮೂಲೆಗಳನ್ನು ಸಾಲಾಗಿ ಕೊಟ್ಟರೆ ಫಂಕ್ಷನ್ ಅನ್ನುವ ಕಂಪ್ಯೂಟರ್ ಆಜ್ಞೆಯೊಂದು ಅವನ್ನು ಕೂಡಿಸಿ ಬಣ್ಣ ತುಂಬುತ್ತದೆ. "ಅಜ್ಜ, ನಾಕು ಮೂಲೆ ಒಂದೇ ಮಟ್ಟದಾಗೆ ಇಲ್ದಿದ್ರೆ ಎರಡು ತ್ರಿಕೋನ ಮಾಡಿ ಕೊಡ್ಬೇಕು" ಅಂದಳು ನನ್ನ ಬಂಗಾರ! ಕುಣಿಯುವಷ್ಟು ಖುಷಿಯಾಗಿ, ಪಕ್ಕಕ್ಕೆ ತಿರುಗಿ "ರುದ್ರೀ, ನೋಡಿಲ್ಲಿ" ಅಂದುಬಿಟ್ಟೆ. ಅವಳು ಹೋಗಿ ಆರು ವರ್ಷವಾಯಿತು.

ಅಂದು, ಆ ಸೋಮವಾರ, ಹಾಪರ್ ಗಪ್ಪನೆ ಕೂತಿತು. ಭತ್ತ ಜರ್ರನೆ ಇಳಿಯಿತು. ಸಾಹುಕಾರರು ಬೆನ್ನು ತಟ್ಟಿ, "ಭಲೆ! ನಿನಗಿದು ಹೆಂಗೆ ಹೊಳೀತೋ?" ಎಂದರು. ರುದ್ರಮ್ಮ ಮೂರು ಮಾರು ದೂರದಲ್ಲಿ ಬುತ್ತಿ ಗಂಟು ಕಟ್ಟುತ್ತಿದ್ದಳು.

"ಅನುಭವ ಸಾಹುಕಾರ್ರೇ" ಎಂದೆ ನಾನು.

ಅವಳ ಕೈ ಒಂದು ಗಳಿಗೆ ನಿಂತಿತು, ಮತ್ತೆ ಗಂಟು ಬಿಗಿಯಿತು. ಆ ಹಾಪರಿನ ಹೆಸರಿನಿಂದಲೇ ಮುಂದೆ ಸವಳಂಗ, ಚನ್ನಗಿರಿಗಳಲ್ಲಿ ಕೆಲಸಗಳು ಸಿಕ್ಕವು. ಎಲ್ಲಕ್ಕೂ ಅವಳು ಬಂದು ದಾರ ಹಿಡಿದಳು. ಆ ಮಾತು ಒಮ್ಮೆಯೂ ಎತ್ತಲಿಲ್ಲ. ಅಡ್ಡ ಅಳೆಯುವುದನ್ನು ಈ ಕಸುಬು ನನಗೆ ಎರಡು ದಿನದಲ್ಲಿ ಕಲಿಸಿತು. ಹೇಳಿಕೊಟ್ಟವರ ಹೆಸರನ್ನು ಅವರ ಕಿವಿಗೆ ಬೀಳುವ ಹಾಗೆ ಹೇಳಬೇಕೆಂಬುದನ್ನು ಕಲಿಯುವಷ್ಟರಲ್ಲಿ ಕೇಳಲು ಅವಳಿರಲಿಲ್ಲ.