ಗಂಟೆಗೆ ಇಪ್ಪತ್ತೊಂದು ಸಲ: ಸಿಂಪಿಗ ಮತ್ತು ಶ್ರೀ ಸುಜಯೀಂದ್ರ

ಚೆನ್ನೈ ನಗರದಲ್ಲಿ ಹಕ್ಕಿಗಳನ್ನು ನೋಡುವವರು ಅನೇಕರಿದ್ದಾರೆ. ಒಂದೇ ಜಾತಿಯ ಹಕ್ಕಿಯನ್ನು ಇಪ್ಪತ್ತೊಂಬತ್ತು ವರ್ಷ ನೋಡಿದವರು, ನಾನು ಬಲ್ಲಂತೆ, ಶ್ರೀ ಸುಜಯೀಂದ್ರ ಅವರೊಬ್ಬರೇ. ತ್ರಿಪ್ಲಿಕೇನಿನ ನಮ್ಮ ಶಾಲೆಯಲ್ಲಿ ಜೀವಶಾಸ್ತ್ರ ಬೋಧಿಸಿ ಈ ಮೇ ತಿಂಗಳಲ್ಲಿ ನಿವೃತ್ತರಾಗುತ್ತಿರುವ ಅವರ ಅಧ್ಯಯನದ ವಸ್ತು ಸಿಂಪಿಗ. ಏಳೆಂಟು ಗ್ರಾಂ ತೂಕ, ಹಸಿರು ಬೆನ್ನು, ಇಟ್ಟಿಗೆಗೆಂಪು ನೆತ್ತಿ, ನೆಟ್ಟಗೆ ನಿಂತ ಬಾಲ. ಹೆಣ್ಣು ಹಕ್ಕಿ ಅಗಲವಾದ ಎಲೆಯ ಅಂಚುಗಳಲ್ಲಿ ಕೊಕ್ಕಿನಿಂದ ತೂತು ಕೊರೆದು, ಜೇಡರ ಬಲೆಯ ಎಳೆಯಿಂದ ಹೊಲಿದು, ಆ ಜೋಳಿಗೆಯೊಳಗೆ ಗೂಡು ಕಟ್ಟುತ್ತದೆ. ಮರಿಗಳಿಗೆ ಕಂಬಳಿಹುಳು, ಜೇಡಗಳನ್ನು ಗಂಡು ಹೆಣ್ಣು ಎರಡೂ ತರುತ್ತವೆ.

ಅವರು ಶಾಲೆಗೆ ಬಂದಾಗ ನಾನು ಅಲ್ಲಿ ಗಣಿತದ ಅಧ್ಯಾಪಕ. ನನ್ನ ಕಣ್ಣಿನ ಶಸ್ತ್ರಚಿಕಿತ್ಸೆಯಾದಾಗ ಎರಡು ವಾರ ಮನೆಗೆ ಬಂದು ಉತ್ತರಪತ್ರಿಕೆಗಳನ್ನು ಓದಿ ಹೇಳಿ, ನಾನು ಹೇಳಿದ ಅಂಕ ಬರೆದುಕೊಂಡು ಹೋದರು. ಅದಕ್ಕಿಂತ ದೊಡ್ಡ ಉಪಕಾರವನ್ನು ಇಲ್ಲಿ ದಾಖಲಿಸಬೇಕಾಗಿದೆ.

ಸೈಕಲ್ ಶೆಡ್ಡಿನ ಪಕ್ಕದ ಬಾದಾಮಿ ಗಿಡದಲ್ಲಿ ಗೂಡಿದ್ದಾಗ ಅವರು ಬೆಳಿಗ್ಗೆ ಆರೂವರೆಯಿಂದ ಒಂದು ಗಂಟೆ ನಿಂತು, ಹಕ್ಕಿ ಎಷ್ಟು ಸಲ ಆಹಾರ ತಂದಿತೆಂದು ಬರೆಯುತ್ತಿದ್ದರು. ಹಕ್ಕಿ ಬಾರದ ದಿನ ಸೊನ್ನೆ. ತಾವೇ ನೋಡಲಾಗದ ದಿನ ಒಂದು ಗೀಟು. ಹನ್ನೊಂದು ವರ್ಷಗಳ ಹಿಂದೆ, ಸರಾಸರಿ ತೆಗೆದುಕೊಡಲು ಪುಸ್ತಕವನ್ನು ನನಗೆ ಕೊಟ್ಟರು. ಮರಿಗಳು ಗೂಡಿನಲ್ಲಿದ್ದುದು ಹದಿನಾಲ್ಕು ದಿನ. ಪರೀಕ್ಷೆಯ ಕೆಲಸದಿಂದ ಅವರು ನೋಡಿದ್ದು ಹತ್ತೇ ದಿನ. ಒಟ್ಟು ಇನ್ನೂರ ಹತ್ತು ಸಲ. ಗೀಟು ಏನೆಂದು ಕೇಳದೆ ಸೊನ್ನೆಯೆಂದೇ ಭಾವಿಸಿ ಹದಿನಾಲ್ಕರಿಂದ ಭಾಗಿಸಿದೆ. ಇಪ್ಪತ್ತೊಂದು ಆಗಬೇಕಾದುದು ಹದಿನೈದಾಯಿತು. ಅವರು ನನ್ನ ಮೇಲಿನ ನಂಬಿಕೆಯಿಂದ, ಹುಳುಗಳೇ ಕಡಿಮೆಯಾಗಿವೆಯೆಂದು ಪಕ್ಷಿವೀಕ್ಷಕರ ತ್ರೈಮಾಸಿಕಕ್ಕೆ ಬರೆದರು. ಅಚ್ಚಾದ ಮೇಲೆ ಓದುಗರೊಬ್ಬರು, ಇಷ್ಟು ಕಡಿಮೆ ಇರಲಾರದು, ಇದು ಮನೆಯಲ್ಲಿ ಕುಳಿತು ಬರೆದ ಅಂಕಿಯೆಂದು ಆಕ್ಷೇಪಿಸಿದರು. ವಿವರಣೆ ಬಾರದಿದ್ದರೆ ಅವರ ದಾಖಲೆಗಳನ್ನು ಮುಂದೆ ಪ್ರಕಟಿಸುವುದಿಲ್ಲವೆಂದು ಸಂಪಾದಕರು ತಿಳಿಸಿದರು.

ಇಬ್ಬರೂ ಕುಳಿತು ಪುಸ್ತಕ ತೆರೆದ ಕೂಡಲೇ ನನ್ನ ತಪ್ಪು ಕಂಡಿತು. ನನ್ನ ಕೈಬರಹದ ಹಾಳೆಯನ್ನು ನೋಡಿದ ಪ್ರಯೋಗಾಲಯದ ನಾಗಮಣಿಯವರು ಸುಮ್ಮನಿರಲಿಲ್ಲ.

"ಏನ್ ಸಾರ್, ಹುಡುಗ್ರಿಗೆ ಸ್ಟೆಪ್ ಮಾರ್ಕ್ ಅರ್ಧಾನೂ ಕೊಡಲ್ಲ ನೀವು. ಈಗ ನಿಮಗೆ ಎಷ್ಟು ಹಾಕೋಣ?"

ಸುಜಯೀಂದ್ರರು ಆಗಲೇ ಸಂಪಾದಕರಿಗೆ ಬರೆದು ಮುಗಿಸಿದ್ದರು: "ಭಾಗಾಕಾರದ ದೋಷ ನನ್ನದು."

"ನನ್ನ ಹೆಸರು ಹಾಕಿ" ಎಂದೆ.

"ಬೇಡ ಸಾರ್. ಕಣಕ್ಕು ವಾದ್ಯಾರೇ, ಲೆಕ್ಕದ ಮೇಷ್ಟ್ರೇ, ಭಾಗಾಕಾರ ತಪ್ಪಿದ್ರು ಅಂತ ಗೊತ್ತಾದ್ರೆ ನಾಳೆ ಟೆಂತ್ ಹುಡುಗ್ರು ನಿಮ್ಮ ಮಾತು ಕೇಳ್ತಾರಾ? ನನ್ನ ಸಿಂಪಿಗ ಪಬ್ಲಿಕ್ ಪರೀಕ್ಷೇಲಿ ಬರಲ್ಲ. ಪರವಾಯಿಲ್ಲೆ, ಬಿಡಿ."

ನಾನು ಬಿಟ್ಟೆ. ತಿದ್ದುಪಡಿ ಅವರ ಹೆಸರಿನಲ್ಲೇ ಅಚ್ಚಾಯಿತು. ಅನಂತರ ನಾಲ್ಕು ವರ್ಷ ಆ ಪತ್ರಿಕೆ ಅವರ ಪ್ರತಿಯೊಂದು ಅಂಕಿಗೂ ಸಾಕ್ಷಿ ಕೇಳಿತು; ಅವರು ಬೇಸರಿಸದೆ ಕಳುಹಿಸಿದರು, ನನಗೆ ಹೇಳಲಿಲ್ಲ. ನನಗದು ತಿಳಿದದ್ದು ಕಳೆದ ತಿಂಗಳು, ನಾಗಮಣಿಯವರಿಂದ.

ಆದ್ದರಿಂದ ಈ ಲೇಖನದ ಒಂದು ಪ್ರತಿಯನ್ನು ಆ ತ್ರೈಮಾಸಿಕಕ್ಕೂ ಕಳುಹಿಸಿದ್ದೇನೆ. ಸುಜಯೀಂದ್ರರು ತಡೆಯುವರೆಂದು ತಿಳಿದು, ಅವರಿಗೆ ಹೇಳುವ ಮೊದಲೇ ಅಂಚೆಗೆ ಹಾಕಿದೆ. ಸುಜಯೀಂದ್ರರಿಗೆ ದೀರ್ಘಾಯುಷ್ಯವೂ, ಮುಂಜಾನೆ ಒಂದು ಗಂಟೆ ನಿಲ್ಲಬಲ್ಲ ಕಾಲುಗಳೂ ಇರಲಿ. ಸಿಂಪಿಗನನ್ನು ಕುರಿತ ಅವರ ಗ್ರಂಥ ಬೇಗ ಹೊರಬರಲಿ. ಅದರ ಲೆಕ್ಕ ನೋಡಲು ನನ್ನನ್ನು ಕರೆಯುವುದಾದರೆ, ಈ ಸಲ ಮೊದಲು ಕೇಳಿ, ಆಮೇಲೆ ಭಾಗಿಸುತ್ತೇನೆ.

ತಿರುಮಲ
ನಿವೃತ್ತ ಗಣಿತ ಅಧ್ಯಾಪಕ