ನಾಲ್ಕು ಚಮಚ ಟೀ

ಏಪ್ರಿಲ್ ತಿಂಗಳ ಒಂದು ಭಾನುವಾರ ಮಧ್ಯಾಹ್ನ ನಾನು ನನ್ನಣ್ಣನಿಗೆ ನಾಲ್ಕು ಚಮಚ ಟೀ ಕುಡಿಸಿದೆ. ಒಂಬತ್ತನೆಯ ದಿನ ಅವನು ಹೋದ.

ಇವೆರಡಕ್ಕೂ ಸಂಬಂಧ ಇದೆಯೇ? ಖಚಿತವಾಗಿ ಹೇಳಲಾಗದು ಎಂದರು ಡಾಕ್ಟರು. (ಅವರಿಗೆ ಹಾಗನ್ನುವ ಅವಕಾಶವಿದೆ. ನನಗಿಲ್ಲ.)

ಅಣ್ಣನ ಹೆಸರು ಮುನಿರಾಜು. ಮರ್ಫಿ ಟೌನಿನಲ್ಲಿ ಎರಡು ರೂಮಿನ ಮನೆ. ಶಿವಾಜಿನಗರದ ಒಂದು ಬ್ಯಾಂಡ್ ಸೆಟ್‌ನಲ್ಲಿ ಮೂವತ್ತು ವರ್ಷ ಕ್ಲಾರಿನೆಟ್ ಊದಿದವನು. ಮದುವೆ, ಚರ್ಚಿನ ಹಬ್ಬ, ಶವಯಾತ್ರೆ, ಯಾವುದಕ್ಕೂ ಇಲ್ಲ ಎಂದವನಲ್ಲ. ಊದುವ ಮುಂಚೆ ಒಂದು ಟೀ, ಊದಿದ ಮೇಲೆ ಒಂದು ಟೀ. "ದಿನಕ್ಕೆ ಎಷ್ಟಾಯ್ತು ರೀ?" ಎಂದು ಅತ್ತಿಗೆ ಸರಸ್ವತಿ ಕೇಳಿದರೆ, "ಎಣಿಸ್ಬೇಡ, ದೃಷ್ಟಿ ಆಗುತ್ತೆ" ಅನ್ನುತ್ತಿದ್ದ.

ಫೆಬ್ರವರಿಯಲ್ಲಿ ಸ್ಟ್ರೋಕ್ ಆಯಿತು. ಬಲಗೈ, ಬಲಗಾಲು ಬಿದ್ದವು. ಮಾತು ತೊದಲಿತು. ಇದೆಲ್ಲ ನಾವು ಕೇಳಿ ಗೊತ್ತಿದ್ದ ಕಷ್ಟಗಳೇ. ಕೇಳಿರದಿದ್ದ ಒಂದು ಕಷ್ಟವೂ ಬಂತು. ಅಣ್ಣನಿಗೆ ನುಂಗಲು ಬರುತ್ತಿರಲಿಲ್ಲ.

ನುಂಗುವುದನ್ನು ಯಾರಾದರೂ ಮರೆಯುತ್ತಾರೆಯೇ?

ಆಸ್ಪತ್ರೆಯಲ್ಲಿ ಆಯೇಷಾ ಎಂಬ ಥೆರಪಿಸ್ಟ್ ನಮ್ಮನ್ನು ಕೂರಿಸಿಕೊಂಡು ಹೇಳಿದಳು. "ಆಂಟಿ, ಗಂಟಲು ಒಂದೇ, ಒಳಗೆ ಪೈಪ್ ಎರಡು. ಮುಂದಿರೋದು ಉಸಿರಿಂದು, ಹಿಂದಿರೋದು ಊಟದ್ದು. ನಾವು ಒಂದೊಂದು ಸಲ ನುಂಗೋವಾಗ್ಲೂ ಒಂದು ಸೆಕೆಂಡ್ ಉಸಿರು ನಿಲ್ಲುತ್ತೆ, ಉಸಿರಿನ ಪೈಪ್ ಮೇಲೆ ಮುಚ್ಚಳ ಬೀಳುತ್ತೆ. ಅಂಕಲ್‌ಗೆ ಅದು ಟೈಮಿಗೆ ಬೀಳ್ತಾ ಇಲ್ಲ. ಬಾಯಿಗೆ ಏನು ಕೊಟ್ಟರೂ ಲಂಗ್ಸ್‌ಗೆ ಹೋಗಬಹುದು."

"ನೀರು?" ಎಂದಳು ಅತ್ತಿಗೆ.

"ನೀರೂ ಬೇಡ. ಅದೇ ಎಲ್ಲಕ್ಕಿಂತ ಬೇಗ ಜಾರೋದು."

ಅಣ್ಣನ ಹೊಟ್ಟೆಗೆ ಏನೂ ಆಗಿರಲಿಲ್ಲ. ಜಠರ, ಕರುಳು ಎಲ್ಲ ತಮ್ಮ ಪಾಡಿಗೆ ಡ್ಯೂಟಿ ಮಾಡುತ್ತಿದ್ದವು. ಅಲ್ಲಿಗೆ ಹೋಗುವ ದಾರಿಯಷ್ಟೇ ಕೆಟ್ಟಿತ್ತು. ಮೂಗಿನಿಂದ ಜಠರದವರೆಗೆ ಒಂದು ಸಣ್ಣ ಟ್ಯೂಬ್ ಇಳಿಸಿದರು. ಮನೆಗೆ ಕರೆತಂದ ಮೇಲೆ ಅತ್ತಿಗೆ ಅದರೊಳಗೆ ಎರಡೆರಡು ಗಂಟೆಗೊಮ್ಮೆ ಸೋಸಿದ ರಾಗಿ ಗಂಜಿ, ಬೇಳೆ ಕಟ್ಟು ಹೊಯ್ಯುತ್ತಿದ್ದಳು. ದಿಂಬು ಎತ್ತರಿಸಿ, ಹೊಯ್ದು, ಅರ್ಧ ಗಂಟೆ ಅವನು ಮಲಗದಂತೆ ಕಾಯುತ್ತಿದ್ದಳು. ಹೊಟ್ಟೆ ತುಂಬುತ್ತಿತ್ತು. ನಾಲಿಗೆಗೆ ಏನೂ ಸಿಗುತ್ತಿರಲಿಲ್ಲ.

ನಾನು? ಜೀವನ್ ಬಿಮಾ ನಗರದಿಂದ ವಾರಕ್ಕೊಮ್ಮೆ ಆಟೋದಲ್ಲಿ ಹೋಗಿ, ಒಂದು ಗಂಟೆ ಕೂತು ಬರುವ ತಂಗಿ.

ಆ ಭಾನುವಾರ ಅತ್ತಿಗೆ, "ಹಲಸೂರು ಮಾರ್ಕೆಟ್‌ಗೆ ಹೋಗ್ಬಂದ್ಬಿಡ್ತೀನಿ, ನೋಡ್ಕೋ" ಎಂದು ಹೊರಟಳು. ನಾನು ನನಗಾಗಿ ಟೀ ಮಾಡಿಕೊಂಡು ಅಣ್ಣನ ಎದುರಿಗೇ ಕೂತೆ. (ಎಂಥ ಬುದ್ಧಿಗೇಡಿತನ.) ಅವನು ಲೋಟವನ್ನೇ ನೋಡಿದ. ಎಡಗೈ ಎತ್ತಿದ.

"ಟೀ" ಅಂದ. ಅದೊಂದೇ ಪದ ಸ್ಪಷ್ಟವಾಗಿ ಬಂತು.

"ಬೇಡ ಅಣ್ಣ. ಡಾಕ್ಟ್ರು ಬೈತಾರೆ."

"ಒಂದು" ಅಂದ. ಕಣ್ಣಲ್ಲಿ ನೀರಿತ್ತು. ನನ್ನ ಹನ್ನೆರಡನೇ ವಯಸ್ಸಿನಲ್ಲಿ ಅಪ್ಪ ಸತ್ತ ಮೇಲೆ ನನ್ನನ್ನು ಓದಿಸಿದವನು ಅವನು. ನನ್ನ ಹತ್ತಿರ ಎಂದೂ ಏನೂ ಬೇಡಿರಲಿಲ್ಲ.

ಒಂದು ಚಮಚ ಕೊಟ್ಟೆ. ಬಾಯಲ್ಲೇ ಇಟ್ಟುಕೊಂಡು ಕಣ್ಣು ಮುಚ್ಚಿದ. ಗಂಟಲು ಮೆಲ್ಲಗೆ ಅಲುಗಿತು. ಕೆಮ್ಮಲಿಲ್ಲ. ನೋಡಿದೆಯಾ, ಏನೂ ಆಗಲಿಲ್ಲ ಎಂದುಕೊಂಡೆ. ಇನ್ನೊಂದು. ಮತ್ತೊಂದು. ನಾಲ್ಕನೆಯದಕ್ಕೆ ಅಣ್ಣನ ಅರ್ಧ ಮುಖ ನಕ್ಕಿತು. ಎಡಗೈಯಿಂದ ನನ್ನ ಕೆನ್ನೆ ಮುಟ್ಟಿದ. ಲೋಟ ತೊಳೆದಿಟ್ಟೆ. ಅತ್ತಿಗೆಗೆ ಹೇಳಲಿಲ್ಲ.

ಬುಧವಾರ ಜ್ವರ. ಗುರುವಾರ ಉಸಿರಾಟ ಹೇಗಾಯಿತೆಂದರೆ, ಪಕ್ಕೆಲುಬುಗಳ ನಡುವಿನ ಚರ್ಮ ಒಳಕ್ಕೆ ಸೆಳೆದುಕೊಳ್ಳುತ್ತಿತ್ತು. ಮತ್ತೆ ಆಸ್ಪತ್ರೆಗೆ ಸೇರಿಸಿದೆವು. ನ್ಯುಮೋನಿಯಾ ಎಂದರು. ಎದೆಯ ಎಕ್ಸ್‌ರೇಯಲ್ಲಿ ಬಲಗಡೆ ಕೆಳಗೆ ಬಿಳಿ ಮಬ್ಬು. ಆಹಾರವೋ ಎಂಜಲೋ ಉಸಿರಿನ ದಾರಿಗೆ ಇಳಿದಾಗ ಹೀಗಾಗುತ್ತದಂತೆ.

"ಕೆಮ್ಮು ಬರಬೇಕಿತ್ತಲ್ವಾ ಸರ್?" ಎಂದು ಕೇಳಿದೆ.

"ಇಂಥವರಿಗೆ ಕೆಲವು ಸಲ ಆ ಸ್ಪರ್ಶವೇ ಇರಲ್ಲ. ಸದ್ದಿಲ್ಲದೆ ಇಳಿಯುತ್ತೆ" ಎಂದ ಡಾಕ್ಟರು ಅತ್ತಿಗೆಯ ಕಡೆ ತಿರುಗಿದರು. "ಬಾಯಿಗೆ ಏನಾದ್ರೂ ಕೊಟ್ರಾ ಅಮ್ಮಾ?"

"ಇಲ್ಲ ಸರ್. ಒಂದು ಹನಿ ನೀರೂ ಕೊಟ್ಟಿಲ್ಲ."

ಡಾಕ್ಟರು ಅವಳನ್ನು ನೋಡಿದ ರೀತಿಯಲ್ಲಿ ನಂಬಿಕೆ ಇರಲಿಲ್ಲ. ನಾನು ಪಕ್ಕದಲ್ಲೇ ನಿಂತಿದ್ದೆ.

ಅಣ್ಣ ಮಂಗಳವಾರ ಬೆಳಿಗ್ಗೆ ಹೋದ. ತಿಥಿಯ ದಿನ ಪಂಕ್ತಿಯಲ್ಲಿ ಯಾರೋ ಅಂದರು, "ಸರಸ್ವತಿ ಸರಿಯಾಗಿ ನೋಡ್ಕೊಂಡಿಲ್ಲ ಕಣೇ, ಏನೋ ತಿನ್ನಿಸಿದ್ದಾಳೆ." ನಾನು ವಡೆ ಮುರಿಯುತ್ತಾ ಕೂತಿದ್ದೆ.

ನಮ್ಮ ಮನೆಗಳಲ್ಲಿ ಪ್ರೀತಿ ಎಂದರೆ ಬಾಯಿಗಿಡುವುದು. ನಿಮ್ಮ ಮನೆಗೂ ಬರುತ್ತಾರಲ್ಲ, "ಪಾಪ, ಒಂದು ತುತ್ತು ತಿನ್ನಲಿ ಬಿಡಿ" ಅನ್ನುವವರು? ಸಕ್ಕರೆ ಕಾಯಿಲೆಯವರಿಗೆ ಮೈಸೂರು ಪಾಕ್ ತರುವವರು? ಒಂದು ಗಂಟೆ ಕೂತು, ಆಸೆ ತೀರಿಸಿ, ಪುಣ್ಯ ಕಟ್ಟಿಕೊಂಡು ಹೋಗುವವರು? ಬೇಡ ಅನ್ನುವ ಕೆಲಸ ಮಾತ್ರ ಮನೆಯಲ್ಲಿ ಉಳಿದವರ ಪಾಲಿಗೆ. ನಾನು ಆ ಒಂದು ಗಂಟೆಯವಳು ಎಂದು ಗೊತ್ತಾದದ್ದು ತಿಥಿಯ ಮರುದಿನ.

ಅವತ್ತು ಅತ್ತಿಗೆ ಅಣ್ಣನ ಶರ್ಟುಗಳನ್ನು ಮಡಿಸುತ್ತಿದ್ದಳು. ಎಲ್ಲ ಹೇಳಿಬಿಟ್ಟೆ. ಅವಳು ಮಡಿಸುವುದನ್ನು ನಿಲ್ಲಿಸಲಿಲ್ಲ.

"ಅವ್ರು ಕೇಳಿದ್ರಾ?" ಎಂದಳು.

"ಹೂಂ ಅತ್ತಿಗೆ. ಅತ್ತರು. ನೋಡೋಕಾಗ್ಲಿಲ್ಲ."

ಇನ್ನೊಂದು ಶರ್ಟು ಎತ್ತಿಕೊಂಡಳು. ಬೈದಿದ್ದರೆ ಚೆನ್ನಾಗಿತ್ತು.

"ನನ್ನನ್ನ ದಿನಾ ಕೇಳ್ತಿದ್ರು. ಬೆಳಿಗ್ಗೆ ಒಂದು ಸಲ, ಸಾಯಂಕಾಲ ಒಂದು ಸಲ. ಎಪ್ಪತ್ತು ದಿನ ಇಲ್ಲ ಅಂದೆ. ಕೊನೆಕೊನೆಗೆ ನನ್ನ ಮುಖ ನೋಡೋದೇ ಬಿಟ್ಟಿದ್ರು." ಶರ್ಟಿನ ಕಾಲರ್ ಸರಿಮಾಡಿದಳು. "ನಿನ್ನ ನೋಡಿ ನಕ್ಕರಾ?"

ಹೌದು ಎಂದರೆ ಅವಳಿಗೆ ಏನಾಗುತ್ತದೆ, ಇಲ್ಲ ಎಂದರೆ ಅಣ್ಣನ ಆ ನಗು ಎಲ್ಲಿ ಉಳಿಯುತ್ತದೆ?