ಒಂದು ಮೂಲೆ ಬಿಟ್ಟ ಕೌದಿ

ನಮ್ಮ ಮನೆಗೆ ಮೊಮ್ಮಗಳು ಬಂದಳು! ಇವತ್ತು ಮಧ್ಯಾಹ್ನ ಸೊಸೆ ಬಬಲೇಶ್ವರದ ತವರಿನಿಂದ ಕೂಸನ್ನು ಎತ್ತಿಕೊಂಡು ಬಂದು ನನ್ನ ಉಡಿಯಲ್ಲಿ ಹಾಕಿದಳು. ಜಾರಿ ಬಿದ್ದ ಕಾಲಿನ ಹೆದರಿಕೆಯಿಂದ ನಾನು ತೊಟ್ಟಿಲ ಶಾಸ್ತ್ರಕ್ಕೂ ಹೋಗಿರಲಿಲ್ಲ, ಫೋನಿನಲ್ಲಷ್ಟೇ ನೋಡಿದ್ದೆ. ಉಡಿಗೆ ಬಂದವಳೇ ನನ್ನ ಕನ್ನಡಕ ಹಿಡಿದು ಎಳೆದಳು ನೋಡಿ! ನಾಲ್ಕನೇ ಇಯತ್ತೆ ಕಲಿತವಳು ನಾನು, ಈ ಸಂತೋಷವನ್ನು ಹೇಗೆ ಬರೆಯಬೇಕೋ ತಿಳಿಯದು.

ಆದರೆ ಇನ್ನೊಬ್ಬಳು ಹೋಗುವ ದಿನವೂ ಇವತ್ತೇ ಆಗಿತ್ತು.

ಸೊಸೆ ಹಡೆಯಲು ಹೋದ ಮೇಲೆ ಜಲನಗರದ ಈ ಮನೆಯಲ್ಲಿ ಹಗಲೆಲ್ಲ ನಾನೊಬ್ಬಳೇ. ಮಗನ ಅಂಗಡಿ ಸೊಲ್ಲಾಪುರ ರಸ್ತೆಯಲ್ಲಿ; ಬೆಳಿಗ್ಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುವವನು. ಬಚ್ಚಲಲ್ಲಿ ಜಾರಿ ನೋವಾಗಿದ್ದ ಕಾಲು ನೆಟ್ಟಗಾಗಿತ್ತು, ಹೊರಗೆ ಹೋಗುವ ಧೈರ್ಯ ಮಾತ್ರ ಬಂದಿರಲಿಲ್ಲ. ಹಿಂದೆ ನಮ್ಮೂರು ತಿಕೋಟಾದಲ್ಲಿದ್ದಾಗ ಕಟ್ಟೆಗೆ ಕುಳಿತರೆ ಸಾಕು, ಹಾದುಹೋಗುವವರೆಲ್ಲ "ಉಂಡಿಯೇನಬೇ ಯಕ್ಕಾ?" ಎಂದು ಕೇಳುತ್ತಿದ್ದರು. ಇಲ್ಲಿ ಗೇಟಿನ ಮುಂದೆ ಗಾಡಿಗಳು ಹೋಗುತ್ತವೆ, ಹೆಲ್ಮೆಟ್ಟಿನೊಳಗೆ ಯಾರಿದ್ದಾರೋ. ಒಂದು ದಿನ ಹಾಲಿನವನಿಗೆ "ಸಾಕು" ಎನ್ನಲು ಹೋದರೆ ಮಾತಾಡದೆ ಮಾತಾಡದೆ ದನಿಯೇ ಏಳಲಿಲ್ಲ. ಒಬ್ಬಳಿಗಾಗಿ ತಾಟು ಯಾಕೆ ತೊಳೆಯಬೇಕು ಅನಿಸಿ ಉಣ್ಣುವುದೂ ಕಡಿಮೆಯಾಯಿತು.

ಆಗ ಮಗ ಜೋರಾಪುರ ಪೇಟೆಯಿಂದ ಒಬ್ಬ ಹೆಣ್ಣುಮಗಳನ್ನು ಗೊತ್ತುಮಾಡಿದ. ಗಂಡನಿಲ್ಲದ, ಮಕ್ಕಳ ಮದುವೆ ಮುಗಿಸಿದ ಮುಸ್ಲಿಂ ಹೆಂಗಸು. ನರ್ಸ್ ಅಲ್ಲ, ಅಡುಗೆಯವಳೂ ಅಲ್ಲ. ನನ್ನ ಜೋಡಿ ಇರುವುದೇ ಅವಳ ಕೆಲಸ. ಪಕ್ಕದ ಮನೆಯವಳು ಕಾಂಪೌಂಡಿನ ಆಚೆಯಿಂದ ಕೇಳಿಯೇಬಿಟ್ಟಳು:

"ಸುಮ್ಮನ ಕುಂಡ್ರಾಕೂ ಪಗಾರ ಕೊಡ್ತಾರೇನ್ರಿ?"

"ನೀವೊಂದಿನ ಈ ಅಮ್ಮಾರ ಮುಂದ ಕುಂತು ನೋಡ್ರಿ ಅಕ್ಕಾರ, ಕಿವಿ ಸೋರ್ತಾವು!" ಎಂದಳು ಇವಳು.

ಬಂದ ದಿನವೇ ನನ್ನ ತಾಟಿನ ರೊಟ್ಟಿ ಮುರಿದು ಅರ್ಧ ತಾನಿಟ್ಟುಕೊಂಡಳು. "ನಿಮ್ಮ ಅರ್ಧ ಮುಗಿಯೂತನಾ ನಾ ನನ್ನ ಅರ್ಧ ಮುಟ್ಟೂದಿಲ್ರಿ." ಪಾಪ, ಹಸಿದಿರುತ್ತಾಳಲ್ಲಾ ಎಂದು ನಾನು ಉಂಡೆ. ರಂಜಾನಿನ ರೋಜಾ ಉಪವಾಸವಿದ್ದಾಗಲೂ ಬಿಡಲಿಲ್ಲ. ತನ್ನ ಅರ್ಧವನ್ನು ಬಟ್ಟೆಯಲ್ಲಿ ಸುತ್ತಿ, "ನಂದು ಸಂಜೀಕ, ನಿಮ್ದು ಈಗ" ಎನ್ನುತ್ತಿದ್ದಳು.

ಕೂಸಿಗೆಂದು ಇಬ್ಬರೂ ಹಳೆಯ ಸೀರೆಗಳ ಕೌದಿ ಹೊಲಿಯಲು ಕುಳಿತೆವು. ನನಗೆ ಸೂಜಿಯ ಕಣ್ಣು ಕಾಣದು. ಸಂಜೆ ಹೋಗುವ ಮುಂಚೆ ಅವಳು ಇದ್ದ ಸೂಜಿಗಳಿಗೆಲ್ಲ ದಾರ ಪೋಣಿಸಿ ಕ್ಯಾಲೆಂಡರಿನ ಅಂಚಿಗೆ ಚುಚ್ಚಿಡುತ್ತಿದ್ದಳು. ಮಗ ಬರುವವರೆಗೆ ನಾನು ಹೊಲಿಯುತ್ತಿದ್ದೆ. ದಾರ ಮುಗಿದರೆ ಮುಗಿಯಿತು, ಬರಿಗೈಯಲ್ಲಿ ಬಾಗಿಲು ನೋಡುತ್ತ ಕೂಡುವುದು.

ಕೂಸು ಬರುವವರೆಗೆ ಮಾತ್ರ ಎಂದು ಮೊದಲೇ ಮಾತಾಗಿತ್ತು. ಅದಕ್ಕೇ ಕೌದಿಯ ಕೊನೆಯ ಮೂಲೆಯನ್ನು ನಾನು ಹೊಲಿಯಲೇ ಇಲ್ಲ. ಇವತ್ತು ಅವಳ ಕಣ್ಣಿಗೆ ಅದು ಬಿತ್ತು.

"ಅಮ್ಮಾ, ಈ ಮೂಲಿ ಯಾಕ ಬಿಟ್ಟೀರಿ?"

"ಕಣ್ಣ ಕಾಣ್ಲಿಲ್ಲ ತಂಗಿ."

ಅವಳು ನಕ್ಕು, ಬಿಟ್ಟ ಮೂಲೆಯನ್ನು ಒಳಗೆ ಮಡಚಿ, ಕೂಸನ್ನು ಕೌದಿಯ ಮೇಲೆ ಮಲಗಿಸಿದಳು. ದೃಷ್ಟಿ ತೆಗೆದಳು. ಎಲ್ಲ ಸೂಜಿಗೂ ದಾರ ಪೋಣಿಸಿಟ್ಟಳು. ಮಗ ಕೊಟ್ಟ ಸೀರೆಯನ್ನು ಕಂಕುಳಲ್ಲಿಟ್ಟುಕೊಂಡು ಆಟೋ ಹತ್ತಿದಳು. ತಿರುಗಿ ನೋಡಲಿಲ್ಲ. ಒಳ್ಳೆಯದೇ ಆಯಿತು, ಕೂಸು ಬಂದ ದಿನ ಮನೆಯಲ್ಲಿ ಅಳಬಾರದು.

ಸಂಜೆ, ಕೂಸನ್ನು ಬಿಡಲು ಬಂದಿದ್ದ ಬೀಗರೂ ಸೇರಿ ಎಲ್ಲರೂ ಸಾಲಾಗಿ ಊಟಕ್ಕೆ ಕುಳಿತೆವು. ಜೋಳದ ರೊಟ್ಟಿ, ಬದನೆಕಾಯಿ ಎಣಗಾಯಿ, ಶೇಂಗಾ ಹಿಂಡಿ, ಸಜ್ಜಕ. ಅಷ್ಟು ಗದ್ದಲದ ನಡುವೆ ನಾನು ರೊಟ್ಟಿ ಮುರಿದು, ಎಂದಿನಂತೆ ಅರ್ಧವನ್ನು ಅವಳು ಕೂಡುತ್ತಿದ್ದ ಬಲಕ್ಕೆ ಚಾಚಿದೆ. ಅಲ್ಲಿ ಮಗ ಕುಳಿತಿದ್ದ. ಅರ್ಧ ರೊಟ್ಟಿ ನೋಡಿದ, ನನ್ನ ಮುಖ ನೋಡಿದ.

"ಯವ್ವಾ, ಆಕಿಗೆ ನಾಳಿ ಬಾ ಅಂತ ಹೇಳ್ಲೇನು?"

"ಸೊಸಿ ಬಂದಾಳಲ್ಲಪಾ, ಇನ್ಯಾಕ?" ಎಂದೆ, ಬಾಯಿಮಾತಿಗೆ.

ಸೊಸೆ ಕೂಸಿನ ಬಾಯಿ ಒರೆಸುತ್ತಿದ್ದಳು. "ನಾ ಇದರ ಜೋಡಿ ಇರ್ತೇನ್ರಿ ಅತ್ತಿ. ನಿಮ್ಮ ಜೋಡಿ ಯಾರು?"

"ಹಂಗಂದ್ರ... ಕೌದಿ ಒಂದ ಮೂಲಿ ಉಳದೈತಿ ನೋಡು," ಎಂದೆ.

ಮಗ ನನ್ನ ಕೈಯಿಂದ ಅರ್ಧ ರೊಟ್ಟಿ ತೆಗೆದುಕೊಂಡ, ಆದರೆ ತಿನ್ನಲಿಲ್ಲ. "ಮೊದಲ ನಿನ್ನ ಅರ್ಧ ಮುಗಸು. ಆಕಿ ಹೇಳಿ ಹೋಗ್ಯಾಳ."

ಮುಗಿಸಿದೆ. ಆಮೇಲೆ ಅವನೂ ತಿಂದ, ಎಲ್ಲರೂ ಉಂಡೆವು.